ಗ್ರೂಪಿಗೆ ಜನ ನುಗ್ಗಿದಾಗ ಮೊದಲು ಯಾರ ಕಡೆ ನೋಡಬೇಕು?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರ್. ಕನ್ನಡ ಶಾಲೆಗಳ ಹಕ್ಕು, ಶಿಕ್ಷಕರ ನೇಮಕ, ಕಚೇರಿಗಳಲ್ಲಿ ಕನ್ನಡ ಅರ್ಜಿ ಮುಂತಾದ ವಿಷಯಗಳಿಗಾಗಿ ಆರು ವರ್ಷಗಳ ಹಿಂದೆ ಶುರುವಾದ ವಾಟ್ಸಾಪ್ ಗ್ರೂಪಿಗೆ ನಾನೂ ಒಬ್ಬ ಅಡ್ಮಿನ್. ಇನ್ನೂರು ಮಂದಿ ಇದ್ದೆವು. ಕಳೆದ ತಿಂಗಳು ನಮ್ಮ ಧರಣಿಯ ವಿಡಿಯೊ ಒಂದು ಎಲ್ಲೆಡೆ ಹರಿದಾಡಿತು, ಅದರ ಜತೆ ಗ್ರೂಪಿನ ಲಿಂಕ್ ಕೂಡ. ಎರಡು ದಿನದಲ್ಲಿ ಸದಸ್ಯರ ಸಂಖ್ಯೆ ಆರುನೂರು ದಾಟಿತು. ಕೆಲವರು ಬಂದದ್ದೇ ‘ಕನ್ನಡ ಬೇಕಾದರೆ ತಲಪಾಡಿ ಗಡಿ ದಾಟಿ ಹೋಗಿ’ ಎನ್ನುವುದಕ್ಕೆ. ಅವರಿಗಿಂತ ಹೆಚ್ಚಿನವರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯವರು. ನಮ್ಮ ಪರ ಎಂದು ಹೇಳಿಕೊಂಡು ಮಲಯಾಳಿಗಳನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಪಕ್ಷದ ಪೋಸ್ಟರುಗಳೂ ಬರುತ್ತಿವೆ. ಹಳಬರು ಮಾತು ನಿಲ್ಲಿಸಿದ್ದಾರೆ. ಮಲಯಾಳಂ ಆದೇಶಗಳನ್ನು ನಮಗಾಗಿ ಕನ್ನಡಕ್ಕೆ ಮಾಡಿಕೊಡುತ್ತಿದ್ದ ಬ್ಯಾರಿ ಮನೆಮಾತಿನ ಸದಸ್ಯರೊಬ್ಬರು ಹತ್ತು ದಿನದಿಂದ ಒಂದಕ್ಷರ ಬರೆದಿಲ್ಲ. ಯಾರನ್ನಾದರೂ ತೆಗೆದರೆ ಪಕ್ಷಪಾತಿ ಎನ್ನುತ್ತಾರೆ, ತೆಗೆಯದಿದ್ದರೆ ನನ್ನ ಮೇಲೆ ಕೇಸು ಬೀಳಬಹುದೆಂಬ ಭಯ. ಗ್ರೂಪನ್ನೇ ಮುಚ್ಚಿಬಿಡಲೇ?

ಉತ್ತರ: ಟೀಚರೇ, ಮುಚ್ಚಬೇಡಿ. ಆರು ವರ್ಷ ಕಟ್ಟಿ ಬೆಳೆಸಿದ್ದನ್ನು ಎರಡು ದಿನದಲ್ಲಿ ನುಗ್ಗಿದವರಿಗಾಗಿ ಮುಚ್ಚಿದರೆ ಅವರು ಬಂದ ಕೆಲಸವನ್ನು ನೀವೇ ಮುಗಿಸಿಕೊಟ್ಟಂತಾಗುತ್ತದೆ. ಉಳಿದ ಮಾತು ಆಮೇಲೆ ಆಡೋಣ. ಈ ರಾತ್ರಿಯೇ ಆಗಬೇಕಾದ ಕೆಲಸ ಸ್ವಲ್ಪ ಇದೆ.

ಗ್ರೂಪಿನ ಸೆಟ್ಟಿಂಗಿಗೆ ಹೋಗಿ ಹಳೆಯ ಲಿಂಕನ್ನು ರೀಸೆಟ್ ಮಾಡಿ. ಆಗ ಊರೂರು ಸುತ್ತುತ್ತಿರುವ ಆ ಲಿಂಕ್ ಸತ್ತುಹೋಗುತ್ತದೆ. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬ ಆಯ್ಕೆಯನ್ನು ಹಾಕಿ. ಸದಸ್ಯರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಇಷ್ಟಾದ ಮೇಲೆ ಗ್ರೂಪಿನಲ್ಲಿ ನಿಮ್ಮ ಹೆಸರಿನಲ್ಲೇ ಹೀಗೆ ಬರೆಯಿರಿ: ‘ಎರಡು ದಿನದಲ್ಲಿ ನಾನೂರು ಮಂದಿ ಹೊಸಬರು ಬಂದಿದ್ದಾರೆ. ಒಬ್ಬರ ಮಾತು ಒಬ್ಬರಿಗೆ ಕೇಳದಂತಾಗಿದೆ. ನಾಳೆ ಬೆಳಗ್ಗೆ 9 ಗಂಟೆಗೆ ಮಾತುಕತೆ ಮತ್ತೆ ತೆರೆಯುತ್ತೇವೆ.’ ಬಳಿಕ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಮಾಡಿ ಮಲಗಿ. ಬೆಳಗ್ಗೆ 9 ಎಂದರೆ 9ಕ್ಕೇ ತೆರೆಯಬೇಕು. ಒಂದು ರಾತ್ರಿ ಬಾಗಿಲು ಹಾಕಿದರೆ ಸಿಟ್ಟು ತಣಿಯುತ್ತದೆ. ಒಂದು ವಾರ ಹಾಕಿದರೆ ಹಳಬರಿಗೆ ಗ್ರೂಪ್ ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ, ಬೈಯುವವರು ಮಾತ್ರ ಕಾದು ಕುಳಿತಿರುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಹತ್ತು ದಿನದಿಂದ ಬರೆಯದ ಆ ಒಬ್ಬ ಸದಸ್ಯರ ಸಂಗತಿ. ಯಾಕೆಂದರೆ ಇದೇ ತಪ್ಪನ್ನು ನಾನು ಮಾಡಿ ನೋವು ತಿಂದಿದ್ದೇನೆ.

2020ರ ಮಾರ್ಚ್ ಕೊನೆಯ ದಿನಗಳು ನಿಮಗೂ ನೆನಪಿರಬಹುದು. ಕೊರೊನಾ ಕಾರಣಕ್ಕೆ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಜೇಶ್ವರ, ಉಪ್ಪಳ, ಕುಂಬಳೆಯ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ದಾರಿ ಸಿಗದೆ ರೋಗಿಗಳು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಏರಿತು. ನಾನು ಆಗ ನೋಡಿಕೊಳ್ಳುತ್ತಿದ್ದ ಗಡಿನಾಡಿನ ಗ್ರೂಪಿನಲ್ಲಿ ಮಲಯಾಳಂ ಮನೆಮಾತಿನ ಔಷಧ ಅಂಗಡಿಯವರೊಬ್ಬರು ಇದ್ದರು. ಪ್ರತಿ ದಿನ ಬೆಳಗ್ಗೆ ಏಳೂವರೆಗೆ ಅವರ ಫೋಟೊ ಬರುತ್ತಿತ್ತು. ಬಿಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿ ನೀಲಿ ಶಾಯಿಯಿಂದ ಬರೆದ ಪಟ್ಟಿ. ಇನ್ಸುಲಿನ್ ಇದೆ. ಥೈರಾಯ್ಡ್ ಮಾತ್ರೆ ಇದೆ. ಅಪಸ್ಮಾರದ ಮಾತ್ರೆ ನಾಳೆ. ಕನ್ನಡ ಅಕ್ಷರ ಸ್ವಲ್ಪ ಓರೆ, ‘ಳ’ಕಾರ ಮಲಯಾಳಂ ಕಡೆಗೆ ವಾಲುತ್ತಿತ್ತು. ಆ ಪಟ್ಟಿಗೆ ಕಾಯುವ ಮನೆಗಳು ಎಷ್ಟಿದ್ದವೋ ಲೆಕ್ಕವಿಲ್ಲ.

ಗಡಿಯ ಸುದ್ದಿ ಟಿವಿಯಲ್ಲಿ ದೊಡ್ಡದಾದಂತೆ ನಮ್ಮ ಗ್ರೂಪಿಗೂ ಹೊಸಬರು ನುಗ್ಗಿದರು. ಕನ್ನಡಿಗರನ್ನು ಬೈದವರನ್ನು ನಾನು ನಿಮಿಷದೊಳಗೆ ತೆಗೆದೆ. ನಮ್ಮ ಕಡೆಯವನೊಬ್ಬ ಮಲಯಾಳಿಗಳ ಜಾತಕವನ್ನೆಲ್ಲ ಜಾಲಾಡಿ ಮೂರು ನಿಮಿಷದ ವಾಯ್ಸ್ ಮೆಸೇಜ್ ಹಾಕಿದ. ಪಾಪ, ಯಾರೋ ನೊಂದವನು, ಸಿಟ್ಟು ಇಳಿಯಲಿ ಎಂದು ಅದನ್ನು ಹಾಗೆಯೇ ಬಿಟ್ಟೆ. ಇನ್ನೊಬ್ಬ ಅದಕ್ಕೆ ದನಿಗೂಡಿಸಿದ. ನಾಲ್ಕನೆಯ ದಿನ ಪಟ್ಟಿ ಬರಲಿಲ್ಲ. ನನಗೆ ಅದು ಗೊತ್ತೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೋ ‘ಅಮ್ಮನ ಮಾತ್ರೆ ಮುಗಿದಿದೆ, ಇಂದಿನ ಪಟ್ಟಿ ಎಲ್ಲಿ?’ ಎಂದು ಕೇಳಿದಾಗಲೇ ಕಣ್ಣು ತೆರೆದದ್ದು. ಫೋನ್ ಮಾಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಅದನ್ನು ಅಂಗಡಿಯಲ್ಲಿ ಸ್ಪೀಕರ್ ಹಾಕಿ ಕೇಳಿದೆ. ಪಕ್ಕದಲ್ಲಿ ಹೆಂಡತಿ ಇದ್ದಳು’ ಎಂದಷ್ಟೇ ಹೇಳಿದರು. ಅವರು ಗ್ರೂಪ್ ಬಿಟ್ಟಿರಲಿಲ್ಲ, ಜಗಳಕ್ಕೂ ಬಂದಿರಲಿಲ್ಲ. ಸುಮ್ಮನಾಗಿದ್ದರು.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಗದ್ದಲ ಎದ್ದಾಗ ಗದ್ದಲ ಮಾಡುವವರ ಪಟ್ಟಿಗಿಂತ ಮೊದಲು ಸುಮ್ಮನಾದವರ ಪಟ್ಟಿ ಬರೆಯುತ್ತೇನೆ. ತಿಂಗಳ ಹಿಂದೆ ಯಾರು ಮಾತನಾಡುತ್ತಿದ್ದರು, ಈಗ ಯಾರು ಇಲ್ಲ? ಅವರು ಮರಳಿ ಬಾಯಿ ತೆರೆಯುವಂತಾಗಲು ಏನು ಬೇಕೋ ಅದೇ ಅಡ್ಮಿನ್ ಕೆಲಸ. ಉಳಿದದ್ದೆಲ್ಲ ಅದಕ್ಕೆ ಸಾಧನ. ನೀವೂ ಈ ಪಟ್ಟಿ ಮಾಡಿ. ಗ್ರೂಪ್ ಬಿಟ್ಟುಹೋದವರಿದ್ದರೆ ಕಳೆದ 60 ದಿನಗಳಲ್ಲಿ ಹೊರಹೋದವರ ಹೆಸರು ಸದಸ್ಯರ ಪಟ್ಟಿಯ ಕೆಳಗೇ ಸಿಗುತ್ತದೆ.

ಇನ್ನು ಬಂದವರ ವಿಷಯ. ನಾನೂರು ಮಂದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಹುಪಾಲು ಜನ ವಿಡಿಯೊ ನೋಡಿ ಮನಸ್ಸು ಕಲಕಿ ಬಂದವರು. ಅವರಿಗೆ ಕಾಸರಗೋಡಿನ ಕನ್ನಡ ಎಂದರೆ ಏನೆಂದು ಗೊತ್ತಿಲ್ಲ, ತಿಳಿಯುವ ಆಸೆ ಇದೆ. ಕೆಲವೇ ಕೆಲವರು ಕೆಡಿಸಲೆಂದೇ ಬಂದವರು. ಇವರನ್ನು ಗುರುತಿಸುವುದು ಕಷ್ಟವಲ್ಲ, ಮೊದಲ ಸಂದೇಶದಲ್ಲೇ ಬಣ್ಣ ಬಯಲಾಗುತ್ತದೆ. ನಿಮಗೆ ನಿಜವಾದ ಕಷ್ಟ ಕೊಡುವವರು ಮೂರನೆಯವರು, ‘ನಿಮ್ಮ ಪರ’ ಎಂದು ಬಂದವರು. ಅವರಿಗೆ ಮಲಯಾಳಿ ಎಂದರೆ ದೂರದ ಒಬ್ಬ ವೈರಿ. ನಿಮಗೆ ಆತ ಪಕ್ಕದ ಮನೆಯವನು, ಪಂಚಾಯತಿನ ಗುಮಾಸ್ತ, ನಿಮ್ಮ ಶಾಲೆಯ ಮಗುವಿನ ತಂದೆ. ನಮ್ಮದು ಸಪ್ತಭಾಷೆಗಳ ನಾಡು ಎಂದು ವೇದಿಕೆಯಲ್ಲಿ ಹೇಳುತ್ತೇವಲ್ಲ, ಆ ಏಳೂ ಭಾಷೆಯವರು ನಿಮ್ಮ ಇನ್ನೂರು ಮಂದಿಯಲ್ಲಿ ಇದ್ದಾರೆ. ಹೊರಗಿನ ಬೆಂಬಲಿಗ ಬೈದು ಬೆಂಗಳೂರಿನಲ್ಲಿ ಮಲಗುತ್ತಾನೆ. ಮರುದಿನ ಶಿಕ್ಷಣ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕಾದವರು ನೀವು. ಆದ್ದರಿಂದ ನಮ್ಮವರ ಬೈಗಳಿಗೆ ಮೊದಲು ಕತ್ತರಿ ಹಾಕಿ, ಎಲ್ಲರೂ ನೋಡುವಂತೆ ಹಾಕಿ. ಆಮೇಲೆ ಆ ಕಡೆಯವರನ್ನು ತೆಗೆದಾಗ ಪಕ್ಷಪಾತಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಬೈಗಳನ್ನು ಬೇಗ ತೆಗೆಯಿರಿ ಎಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಸಾಮಾನ್ಯ ಜನರನ್ನು ಚರ್ಚೆಗೆ ಕೂರಿಸಿದರು. ಮನಸ್ಸು ಹಗುರವಾಗಿದ್ದು, ಮೊದಲು ಕಂಡ ಸಂದೇಶಗಳೂ ಸಭ್ಯವಾಗಿದ್ದಾಗ ಕೆಟ್ಟದಾಗಿ ಬರೆದವರು 35 ಶೇಕಡ. ಮನಸ್ಸು ಕೆಟ್ಟಿದ್ದು, ಮೊದಲು ಕಂಡದ್ದೂ ಕೆಟ್ಟ ಸಂದೇಶಗಳಾಗಿದ್ದಾಗ 68 ಶೇಕಡ. ಕೆಟ್ಟ ಜನರು ಬೇರೆಯೇ ಒಂದು ಜಾತಿ ಎಂದು ನಾವು ಭಾವಿಸುತ್ತೇವೆ, ಹಾಗಿಲ್ಲ. ಸಜ್ಜನರೂ ತಾವು ಒಳಗೆ ಕಾಲಿಟ್ಟಾಗ ಕಂಡದ್ದನ್ನೇ ಮಾಡುತ್ತಾರೆ. ಬೆಳಗ್ಗೆ ಗ್ರೂಪ್ ತೆರೆದವನ ಕಣ್ಣಿಗೆ ರಾತ್ರಿಯ ಹದಿನೈದು ಬೈಗಳು ಬಿದ್ದರೆ ಹದಿನಾರನೆಯದು ಅವನದೇ ಆಗಬಹುದು. ಅಡ್ಮಿನ್ ಆದವರಿಗೆ ಬೇರೆಯವರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಡಿಲೀಟ್ ಮಾಡುವ ಅವಕಾಶ ಇದೆ. ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ನಿಯಮಗಳು ಬೇಕು, ಆದರೆ ಇಪ್ಪತ್ತು ಅಂಶಗಳ ಪಟ್ಟಿ ಬೇಡ. ಯಾರೂ ಓದುವುದಿಲ್ಲ, ಓದಿದವರು ಅದರಲ್ಲಿ ಸಂದುಗೊಂದು ಹುಡುಕುತ್ತಾರೆ. ನಾನು ಈಗ ಬಳಸುವ ಒಕ್ಕಣೆ ಇಷ್ಟೇ: ‘ಇಲ್ಲಿ ಕಾಸರಗೋಡಿನ ಕನ್ನಡ ಶಾಲೆ ಮತ್ತು ಕನ್ನಡಿಗರ ಹಕ್ಕಿನ ಕೆಲಸ ನಡೆಯುತ್ತದೆ. ಯಾವ ಅಭಿಪ್ರಾಯವನ್ನಾದರೂ ಹೇಳಿ, ಯಾವ ಭಾಷೆ, ಮತ, ಜಾತಿಯವರನ್ನೂ ಬೈಯಬೇಡಿ. ಸರಕಾರದ ಆದೇಶದ ಬಗ್ಗೆ ಹೇಳುವುದಾದರೆ ಆದೇಶದ ಸಂಖ್ಯೆ, ದಿನಾಂಕ ಹಾಕಿ. ಪಕ್ಷದ ಪ್ರಚಾರ ಇಲ್ಲಿಲ್ಲ.’ ಇದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಗ್ರೂಪಿನ ವಿವರಣೆಯಲ್ಲಿ ಹಾಕಿ, ಪಿನ್ ಮಾಡಿ, ಮೊದಲ ವಾರ ದಿನಕ್ಕೊಮ್ಮೆ ಕಾಣಿಸಿ. ಮಲಯಾಳದಲ್ಲಿ ಬೇಕೇ ಎಂದು ನಿಮ್ಮವರೇ ಕೇಳುತ್ತಾರೆ. ಬೇಕು. ನಮಗೆ ಓದಲಾಗದ ಭಾಷೆಯಲ್ಲಿ ನೋಟಿಸು ಅಂಟಿಸಿ ‘ಪಾಲಿಸಿ’ ಎನ್ನುತ್ತಾರೆ ಎಂಬುದೇ ನಮ್ಮ ದೂರು. ಆ ಅನ್ಯಾಯವನ್ನು ನಾವು ಇನ್ನೊಬ್ಬರಿಗೆ ಮಾಡಬಾರದು.

ನಿಯಮ ಬರೆದರೆ ಜನ ಹೆದರಿ ದೂರವಾಗುತ್ತಾರೆ ಎಂಬ ಅಂಜಿಕೆ ಇದ್ದರೆ ಬಿಡಿ. ರೆಡ್ಡಿಟ್ ಎಂಬ ಚರ್ಚಾ ಜಾಲತಾಣದ ದೊಡ್ಡದೊಂದು ವಿಜ್ಞಾನ ಬಳಗದಲ್ಲಿ ನಾಥನ್ ಮಟಾಯಸ್ ಎಂಬ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಚರ್ಚೆಗಳ ಮೇಲೆ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಕೆಲವು ಚರ್ಚೆಗಳ ಮೇಲ್ಗಡೆ ನಿಯಮವನ್ನು ಎದ್ದು ಕಾಣುವಂತೆ ಹಾಕಿದರು, ಕೆಲವಕ್ಕೆ ಹಾಕಲಿಲ್ಲ. ನಿಯಮ ಕಂಡಲ್ಲಿ ಹೊಸಬರು ಅದನ್ನು ಪಾಲಿಸುವ ಪ್ರಮಾಣ ಶೇಕಡ 8 ಅಂಶಗಳಷ್ಟು ಏರಿತು. ಜತೆಗೆ ಮಾತಿಗಿಳಿದ ಹೊಸಬರ ಸಂಖ್ಯೆಯೂ ಸರಾಸರಿ ಶೇಕಡ 70ರಷ್ಟು ಹೆಚ್ಚಿತು. ಇಲ್ಲಿ ಬೈಸಿಕೊಳ್ಳುವುದಿಲ್ಲ ಎಂದು ಗೊತ್ತಾದರೆ ಅಂಜುತ್ತಿದ್ದವರೂ ಬಾಯಿ ತೆರೆಯುತ್ತಾರೆ.

ಅಭಿಪ್ರಾಯ ಬೇರೆ, ಬೈಗಳು ಬೇರೆ ಎಂದು ಹೇಳುವುದು ಸುಲಭ, ರಾತ್ರಿ ಹತ್ತು ಗಂಟೆಗೆ ಫೋನ್ ಹಿಡಿದು ನಿರ್ಧರಿಸುವುದು ಕಷ್ಟ. ಎರಡು ಮೂರು ಉದಾಹರಣೆ ನೋಡಿ. ‘ಮಹಾಜನ ವರದಿ ಮುಗಿದ ಕಥೆ, ಕಾಸರಗೋಡು ಕೇರಳದಲ್ಲೇ ಇರಬೇಕು.’ ನಿಮಗೆ ಎದೆಗೆ ಚುಚ್ಚಿದಂತಾಗುತ್ತದೆ, ಆದರೆ ಇದು ಅಭಿಪ್ರಾಯ, ಇರಲಿ. ‘ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಕೇರಳದಲ್ಲಿ ಕೆಲಸ ಸಿಗುವುದಿಲ್ಲ, ಮಲಯಾಳಂ ಕಲಿಯಲಿ.’ ಇದೂ ಇರಲಿ, ಇದಕ್ಕೆ ಉತ್ತರ ಕೊಡಬೇಕು, ಏಕೆಂದರೆ ನಮ್ಮ ತಾಯಂದಿರೇ ಮನೆಯಲ್ಲಿ ಇದನ್ನು ಕೇಳುತ್ತಾರೆ. ‘ಕನ್ನಡ ಬೇಕಾದರೆ ಗಡಿ ದಾಟಿ ಹೋಗಿ.’ ಇದು ಹುಟ್ಟಿದ ಮಣ್ಣಿನಿಂದ ಎಬ್ಬಿಸುವ ಮಾತು, ತೆಗೆಯಿರಿ. ‘ಮಲಯಾಳಿಗಳೆಲ್ಲ ಮೋಸಗಾರರು’ ಎಂಬುದನ್ನು ಅದೇ ಕೈಯಿಂದ, ಅದೇ ನಿಮಿಷದಲ್ಲಿ ತೆಗೆಯಿರಿ. ಸಂಶಯ ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಹೀಗೆ: ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಯಾರು ಕುಳಿತಿದ್ದಾರೆಂದು ತಿಳಿಯದೆ ಈ ಮಾತನ್ನು ಗಟ್ಟಿಯಾಗಿ ಹೇಳಬಹುದೇ?

ಹೊಸಬರು ಕೇಳಿದ್ದನ್ನೇ ಕೇಳುತ್ತಾರೆ, ಹಳಬರು ಹೇಳಿ ಹೇಳಿ ಬೇಸತ್ತು ಸಿಡುಕುತ್ತಾರೆ. ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಒಂದು ಪುಟದ ಟಿಪ್ಪಣಿ ಸಿದ್ಧ ಮಾಡಿಟ್ಟುಕೊಳ್ಳಿ. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು, ಅದು ಜಾರಿಯಾಗಲಿಲ್ಲ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿ ಇದ್ದಾರೆ. ನಾವು ಕೇಳುತ್ತಿರುವುದು ಇದನ್ನು. ಇಷ್ಟು ಬರೆದಿಟ್ಟು, ಪ್ರಶ್ನೆ ಬಂದಾಗಲೆಲ್ಲ ಅದನ್ನೇ ಹಾಕಿ. ಹೊಸಬನಿಗೆ ಮರ್ಯಾದೆ ಕೊಟ್ಟಂತಾಯಿತು, ಹಳಬನ ತಾಳ್ಮೆಯೂ ಉಳಿಯಿತು. ನಮ್ಮ ಹೋರಾಟ ಇನ್ನೊಬ್ಬರ ಭಾಷೆಯ ವಿರುದ್ಧ ಅಲ್ಲ, ಸಂವಿಧಾನ ಕೊಟ್ಟದ್ದನ್ನು ಪಡೆಯಲು ಎಂಬುದು ಬೆಂಗಳೂರಿನಿಂದ ಬಂದವನಿಗೂ ಅಲ್ಲೇ ತಿಳಿಯುತ್ತದೆ.

ಆದೇಶದ ಸಂಖ್ಯೆ, ದಿನಾಂಕ ಬೇಕೆಂಬ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಹಿಡಿಯಿರಿ. 2021ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಕೇರಳ ಸರಕಾರ ಬದಲಿಸುತ್ತಿದೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಕರ್ನಾಟಕದ ದೊಡ್ಡ ರಾಜಕಾರಣಿಗಳೂ ಅದನ್ನು ಎತ್ತಿಕೊಂಡರು. ಅಂಥ ಪ್ರಸ್ತಾಪ ಇಲ್ಲ ಎಂದು ಕೇರಳದ ಮುಖ್ಯಮಂತ್ರಿ ಸ್ಪಷ್ಟಪಡಿಸಬೇಕಾಯಿತು. ಸುಳ್ಳಿನ ಮೇಲೆ ಒಂದು ಸಲ ಎದ್ದು ನಿಂತರೆ, ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದ್ದಾರೆ ಎಂದು ನಾವು ನಿಜವಾದ ದೂರು ಹೊತ್ತು ಹೋದಾಗಲೂ ‘ಇವರದ್ದು ಇದೇ ರಾಗ’ ಎನ್ನುತ್ತಾರೆ. ಸಂಖ್ಯೆ, ದಿನಾಂಕ ಇಲ್ಲದ ಸುದ್ದಿಯನ್ನು ಬರೆದವರು ಯಾರೇ ಆಗಿರಲಿ, ತೆಗೆದು, ‘ಆದೇಶದ ಪ್ರತಿ ಸಿಕ್ಕಿದರೆ ಹಾಕಿ, ಚರ್ಚಿಸೋಣ’ ಎಂದು ಬರೆಯಿರಿ.

ಮಾತು ಬಿಸಿಯೇರಿ ಯಾರೂ ಬೈಯದೆ ಬರೀ ಹಠಕ್ಕೆ ಬಿದ್ದಿರುವ ಹೊತ್ತೂ ಇರುತ್ತದೆ. ಅದಕ್ಕೆ ಡಿಲೀಟ್ ಮದ್ದಲ್ಲ. ನೀವು ತಾಳಮದ್ದಳೆ ಕೇಳಿ ಬೆಳೆದವರು ಎಂದುಕೊಳ್ಳುತ್ತೇನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೊಟ್ಟ ಸೀಮೆ ನಮ್ಮದು. ಇಬ್ಬರು ಅರ್ಥಧಾರಿಗಳು ವಾದಕ್ಕೆ ಬಿದ್ದು ಪ್ರಸಂಗವೇ ಮುಂದಕ್ಕೆ ಹೋಗದಂತಾದಾಗ ಭಾಗವತರು ಏನು ಮಾಡುತ್ತಾರೆ? ತೀರ್ಪು ಕೊಡುವುದಿಲ್ಲ, ಯಾರನ್ನೂ ಗದರಿಸುವುದೂ ಇಲ್ಲ. ತಾಳ ತಟ್ಟಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ವಾದ ತಾನಾಗಿ ನಿಲ್ಲುತ್ತದೆ, ಯಾರೂ ಸೋತಂತಾಗುವುದಿಲ್ಲ. ನಿಮ್ಮ ಗ್ರೂಪಿನಲ್ಲಿ ಮುಂದಿನ ಪದ್ಯ ಎಂದರೆ ಕೆಲಸ. ‘ನೀರ್ಚಾಲು ಭಾಗದ ಯಾವ ಶಾಲೆಯಲ್ಲಿ ಕನ್ನಡ ಪಠ್ಯಪುಸ್ತಕ ಇನ್ನೂ ಬಂದಿಲ್ಲ? ಶಾಲೆಯ ಹೆಸರು, ತರಗತಿ, ಎಷ್ಟು ಪ್ರತಿ ಬೇಕು ಎಂದು ಸಂಜೆಯೊಳಗೆ ಹಾಕಿ’ ಎಂದು ಬರೆಯಿರಿ. ಹತ್ತು ಮಂದಿ ಹಳಬರು ಉತ್ತರಿಸಿದರೆ ಗ್ರೂಪಿನ ಮುಖವೇ ಬದಲಾಗುತ್ತದೆ. ಜಗಳಕ್ಕೆ ಬಂದವನಿಗೆ ಪಠ್ಯಪುಸ್ತಕದ ಲೆಕ್ಕದಲ್ಲಿ ಆಸಕ್ತಿ ಇರುವುದಿಲ್ಲ, ತಾನಾಗಿ ಎದ್ದುಹೋಗುತ್ತಾನೆ. ಆಸಕ್ತಿ ತೋರಿಸಿದವನು ನಿಮ್ಮವನಾಗುತ್ತಾನೆ.

ತೆಗೆಯಲೇಬೇಕಾದವರನ್ನು ತೆಗೆಯುವ ಬಗೆ ಹೇಗೆ? ಬೆದರಿಕೆ ಹಾಕಿದವರು, ಹೆಣ್ಣುಮಕ್ಕಳಿಗೆ ಅಸಭ್ಯವಾಗಿ ಬರೆದವರು, ಒಂದು ಸಮುದಾಯವನ್ನೇ ಹೀಯಾಳಿಸಿದವರು ಇವರಿಗೆ ಎಚ್ಚರಿಕೆ ಬೇಕಿಲ್ಲ, ತಕ್ಷಣ ಹೊರಗೆ. ಉಳಿದವರಿಗೆ ಮೊದಲ ಬಾರಿ ಖಾಸಗಿಯಾಗಿ ಬರೆಯಿರಿ. ಎಲ್ಲರ ಎದುರು ತಿದ್ದಿದರೆ ಸೆಟೆದು ನಿಲ್ಲುವವನು ಒಬ್ಬನೇ ಇರುವಾಗ ಸಾಮಾನ್ಯವಾಗಿ ತಗ್ಗುತ್ತಾನೆ. ನಾನು ‘ನಿಮ್ಮ ಕಾಳಜಿಗೆ ಕೃತಜ್ಞ. ಈ ಸಂದೇಶದ ಕೊನೆಯ ಸಾಲು ನಮ್ಮ ಸದಸ್ಯರಿಗೆ ನೋವಾಗುವಂತಿದೆ, ಅದಕ್ಕಾಗಿ ತೆಗೆದಿದ್ದೇನೆ. ಆ ಸಾಲಿಲ್ಲದೆ ಮತ್ತೆ ಹಾಕಿ’ ಎಂದು ಬರೆಯುತ್ತೇನೆ. ಕೆಲವರು ಕ್ಷಮೆ ಕೇಳಿ ವರ್ಷಗಟ್ಟಲೆ ಜತೆಗೆ ದುಡಿದಿದ್ದಾರೆ. ಎರಡನೆಯ ಬಾರಿ ಆದರೆ ಒಂದು ವಾರ ಹೊರಗೆ. ಮೂರನೆಯದು ಕೊನೆಯದು. ತೆಗೆದಾಗ ಗ್ರೂಪಿನಲ್ಲಿ ಒಂದು ಸಾಲು ಸಾಕು: ಯಾವ ನಿಯಮ, ಎಷ್ಟು ದಿನ. ಹೆಸರು ಹಿಡಿದು ಛೀಮಾರಿ ಹಾಕಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಾರಣ ಬರೆದಿಟ್ಟುಕೊಳ್ಳಿ. ನಾಳೆ ಯಾರಾದರೂ ‘ಮಲಯಾಳಿಗಳನ್ನು ಮಾತ್ರ ತೆಗೆದಿರಿ’ ಎಂದರೆ ಪುಟ ತೆರೆದು ತೋರಿಸಬಹುದು. ನಿಮಗೂ ಕನ್ನಡಿ ಹಿಡಿದಂತಾಗುತ್ತದೆ.

ಇಷ್ಟೆಲ್ಲವನ್ನು ಒಬ್ಬರೇ ಮಾಡಬೇಡಿ, ಪಾಠ ಮಾಡಿ ಬಂದು ರಾತ್ರಿ ಒಂದು ಗಂಟೆಯವರೆಗೆ ಬೈಗಳು ಓದುವುದು ಯಾರ ಆರೋಗ್ಯಕ್ಕೂ ಒಳ್ಳೆಯದಲ್ಲ. ನಾಲ್ವರು ಅಡ್ಮಿನ್‌ಗಳಿರಲಿ. ಒಬ್ಬರಿಗಾದರೂ ಮಲಯಾಳಂ ಚೆನ್ನಾಗಿ ಓದಲು ಬರಬೇಕು, ಇಲ್ಲದಿದ್ದರೆ ತಮಾಷೆಯನ್ನು ಬೈಗಳೆಂದೂ ಬೈಗಳನ್ನು ತಮಾಷೆಯೆಂದೂ ತಿಳಿದು ಎಡವುತ್ತೀರಿ. ನಾಲ್ವರೂ ಒಂದೇ ಪಕ್ಷದ ಒಲವಿನವರಾಗಿರಬಾರದು. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದ ಗೆಲುವಿನ ಅಂತರ 89 ಮತ, 2021ರಲ್ಲಿ 745. ಇಷ್ಟು ಕಡಿಮೆ ಅಂತರದ ಸೀಮೆಯಲ್ಲಿ ಆರುನೂರು ಮಂದಿಯ ಗ್ರೂಪಿನ ಮೇಲೆ ಎಲ್ಲ ಪಕ್ಷದವರ ಕಣ್ಣೂ ಬಿದ್ದೇ ಬೀಳುತ್ತದೆ. ಪೋಸ್ಟರ್ ಯಾವ ಪಕ್ಷದ್ದಾದರೂ ತೆಗೆಯಿರಿ. ಆದರೆ ‘ಕನ್ನಡ ಶಾಲೆಗಳ ಬಗ್ಗೆ ನಿಮ್ಮ ನಿಲುವೇನು?’ ಎಂದು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕಳುಹಿಸಿ ಉತ್ತರಗಳನ್ನು ಒಟ್ಟಿಗೆ ಹಾಕುವುದಕ್ಕೆ ಅಡ್ಡಿಯಿಲ್ಲ. ಅದು ನಿಮ್ಮ ಗ್ರೂಪಿನ ಧರ್ಮವೇ. ನೀವು ಸರಕಾರಿ ಶಾಲೆಯವರಾದರೆ ಪಕ್ಷದ ರಾಜಕೀಯದಿಂದ ದೂರವಿರಬೇಕೆಂಬ ನಡತೆ ನಿಯಮ ನಿಮಗೆ ಅನ್ವಯಿಸುತ್ತದೆ. ಈ ಕಾರಣಕ್ಕೂ ಆ ಪೋಸ್ಟರುಗಳು ನಿಮ್ಮ ಕಣ್ಗಾವಲಿನಲ್ಲಿ ಉಳಿಯಬಾರದು.

ಕೇಸಿನ ಭಯದ ವಿಷಯ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಅಡ್ಮಿನ್ ಮತ್ತು ಸದಸ್ಯರ ಸಂಬಂಧ ಯಜಮಾನ ಮತ್ತು ಆಳಿನ ಸಂಬಂಧದಂಥದ್ದಲ್ಲ ಎಂಬುದು ಅದರ ತಿರುಳು. ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2021ರಲ್ಲಿ ಇದೇ ಬಗೆಯ ನಿಲುವು ತೆಗೆದುಕೊಂಡಿತ್ತು. ಹಾಗೆಂದು ಕಣ್ಣು ಮುಚ್ಚಿ ಕೂರುವಂತಿಲ್ಲ. ನೀವೇ ಒಂದು ದ್ವೇಷದ ಸಂದೇಶವನ್ನು ಫಾರ್ವರ್ಡ್ ಮಾಡಿದರೆ, ಅದಕ್ಕೆ ಹೌದೆಂದರೆ ಅದು ನಿಮ್ಮದೇ ಕೃತ್ಯ. ಭಾಷೆ, ಮತಗಳ ಹೆಸರಿನಲ್ಲಿ ವೈರ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ. ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆಯಿರಿ ಎಂದದ್ದು ಇದಕ್ಕೇ. ದಿನಾಂಕ, ಸಮಯ, ಕಳುಹಿಸಿದ ನಂಬರ್ ಕಾಣುವಂತಿರಲಿ. ಜೀವಬೆದರಿಕೆ ಬಂದರೆ ಗ್ರೂಪಿನಲ್ಲಿ ಚರ್ಚೆ ಮಾಡುತ್ತಾ ಕೂರದೆ ಠಾಣೆಗೆ ದೂರು ಕೊಡಿ.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೆ ಹೇಳದೆ ಬಿಡಲಾರೆ. ಈಗ ಆ ನಾನೂರು ಅಪರಿಚಿತರ ಕೈಯಲ್ಲಿ ನಿಮ್ಮ ಗ್ರೂಪಿನ ಪ್ರತಿ ಹೆಣ್ಣುಮಗಳ ಫೋನ್ ನಂಬರ್ ಇದೆ. ರಾತ್ರಿ ಹೊತ್ತು ವಿಡಿಯೊ ಕರೆ, ಅಸಭ್ಯ ಚಿತ್ರ ಬರತೊಡಗುತ್ತವೆ. ಅವರು ನಿಮಗೆ ಹೇಳಲು ನಾಚಿ ಸುಮ್ಮನೆ ಗ್ರೂಪ್ ಬಿಡುತ್ತಾರೆ. ನಿಮ್ಮ ಸುಮ್ಮನಾದವರ ಪಟ್ಟಿಯಲ್ಲಿ ಇಂಥವರು ಎಷ್ಟಿದ್ದಾರೆಂದು ನೀವೇ, ಹೆಣ್ಣಾಗಿ, ಒಬ್ಬೊಬ್ಬರನ್ನೇ ಕೇಳಿ. ಇದಕ್ಕೆ ಪರಿಹಾರ ನಮ್ಮ ಹಳೆಯ ಮನೆಗಳಲ್ಲೇ ಇದೆ. ಹೊರಗಿನವರು ಬಂದರೆ ಜಗಲಿಯಲ್ಲಿ ಕುಳ್ಳಿರಿಸಿ ನೀರು, ಬೆಲ್ಲ ಕೊಡುತ್ತೇವೆ. ಅಡುಗೆಮನೆಗೆ ನೇರ ಕರೆದೊಯ್ಯುವುದಿಲ್ಲ. ವಾಟ್ಸಾಪಿನಲ್ಲಿ ‘ಕಮ್ಯೂನಿಟಿ’ ಎಂದೊಂದು ಏರ್ಪಾಡು ಇದೆ. ಅದರ ಪ್ರಕಟಣೆಯ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಪ್ರಕಟಣೆ ಹಾಕಬಹುದು, ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಬೆಂಬಲಿಸಲು ಬಂದವರಿಗೆ ಅದು ಜಗಲಿಯಾಗಲಿ. ವಾರಕ್ಕೊಮ್ಮೆ ನಿಮ್ಮ ಕೆಲಸದ ಸುದ್ದಿ, ಅವರು ಏನು ನೆರವು ಕೊಡಬಹುದು ಎಂಬುದನ್ನು ಅಲ್ಲಿ ಹಾಕಿ. ಕೆಲಸಕ್ಕೆ ಕೈಜೋಡಿಸಿದವರನ್ನು, ಊರಿನ ಯಾರಾದರೂ ಒಬ್ಬರು ‘ನನಗೆ ಗೊತ್ತಿರುವವರು’ ಎಂದವರನ್ನು ಒಳಗಿನ ಗ್ರೂಪಿಗೆ ಕರೆಯಿರಿ. ನಾನೂರರಲ್ಲಿ ನಲವತ್ತು ಮಂದಿ ಹಾಗೆ ಒಳಬಂದರೂ ನಿಮ್ಮ ಬಲ ಹೆಚ್ಚಿದಂತೆಯೇ.

ಹೊಸಬರ ಪ್ರವಾಹಕ್ಕೆ ಸಿಕ್ಕಿ ಬಳಗಗಳು ಮುಳುಗಿದ್ದೂ ಇದೆ, ಉಳಿದದ್ದೂ ಇದೆ. ಇಂಟರ್‌ನೆಟ್‌ನ ಆರಂಭದ ಕಾಲದಲ್ಲಿ ಯೂಸ್‌ನೆಟ್ ಎಂಬ ಚರ್ಚಾಕೂಟಗಳಿದ್ದವು. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಅಲ್ಲಿ ಗದ್ದಲ, ಒಂದೆರಡು ತಿಂಗಳಲ್ಲಿ ಅವರೂ ರೀತಿ ಕಲಿತು ಎಲ್ಲ ಶಾಂತ. 1993ರ ಬಳಿಕ ಸಾರ್ವಜನಿಕರು ವರ್ಷವಿಡೀ ಬರತೊಡಗಿದರು, ಕಲಿಸಲು ಪುರುಸೊತ್ತೇ ಸಿಗಲಿಲ್ಲ. ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಹೇಳುವಂತಾಯಿತು. ಆದರೆ ರೆಡ್ಡಿಟ್‌ನಲ್ಲಿ ಭಯದ ಕಥೆಗಳ ಒಂದು ಬಳಗ 2014ರಲ್ಲಿ ಇಂಥದ್ದೇ ಪ್ರವಾಹಕ್ಕೆ ಸಿಕ್ಕಿಯೂ ಉಳಿಯಿತು. ಉಳಿದದ್ದು ಹೇಗೆಂದು ಅಧ್ಯಯನ ಮಾಡಿದವರು ಕಂಡದ್ದು ಮೂರು ಸಂಗತಿ: ಒಟ್ಟಾಗಿ ದುಡಿಯುವ ಅಡ್ಮಿನ್‌ಗಳು, ಬಳಗ ತಮ್ಮದೆಂದು ತಾವೇ ಕಾಯುವ ಹಳಬರು, ಕೈಗೆ ಒದಗುವ ಸಲಕರಣೆ. ನಿಮ್ಮಲ್ಲಿ ಮೊದಲನೆಯದಕ್ಕೆ ಮೂವರು ಜತೆಗಾರರು ಬೇಕು. ಮೂರನೆಯದು ಫೋನಿನಲ್ಲೇ ಇದೆ.

ಎರಡನೆಯದಕ್ಕಾಗಿ ನಾಳೆ ಶಾಲೆ ಬಿಟ್ಟ ಮೇಲೆ ಆ ಬ್ಯಾರಿ ಸದಸ್ಯರಿಗೆ ಫೋನ್ ಮಾಡಿ. ಸಂದೇಶ ಬೇಡ, ಫೋನೇ ಮಾಡಿ. ಹತ್ತು ದಿನ ನೋಡಿಕೊಳ್ಳದೆ ಇದ್ದದ್ದಕ್ಕೆ ಕ್ಷಮಿಸಿ ಎನ್ನಿ, ಅವರಿಗೆ ಯಾವ ಮಾತು ನೋವಾಯಿತೆಂದು ಕೇಳಿ. ಅದು ನಮ್ಮವರದೇ ಮಾತಾಗಿದ್ದರೆ ತೆಗೆದು, ತೆಗೆದೆ ಎಂದು ಅವರಿಗೆ ತಿಳಿಸಿ. ಅವರನ್ನು ಅಡ್ಮಿನ್ ಆಗುತ್ತೀರಾ ಎಂದೂ ಕೇಳಿನೋಡಿ, ಮಲಯಾಳಂ ಓದಬಲ್ಲ ನಾಲ್ಕನೆಯವರು ನಿಮಗೆ ಬೇಕಲ್ಲವೇ. ಒಪ್ಪದಿದ್ದರೂ ಪರವಾಗಿಲ್ಲ. ಕನ್ನಡಕ್ಕೆ ಆಗಬೇಕಾದ ಆದೇಶ ಒಂದಾದರೂ ನಿಮ್ಮ ಮೇಜಿನ ಮೇಲೆ ಬಿದ್ದಿರುತ್ತದೆ. ಅದರ ಪ್ರತಿಯನ್ನು ಅವರಿಗೆ ಕಳುಹಿಸಿ.